ಗೋಲು ಕಂಡವರಿಗೆ ಆಟ ಕಾಣಲಿಲ್ಲ

2025ರ ಏಪ್ರಿಲ್ 6, ಭಾನುವಾರ, ರಾಮನವಮಿ. ಹೊಳೆನರಸೀಪುರದ ನೆಂಟರ ಮನೆಯಲ್ಲಿ ಪಾನಕ, ಕೋಸಂಬರಿ ಮುಗಿಸಿ ರಾತ್ರಿ ಜಗಲಿಯ ಮೇಲೆ ಕೂತಿದ್ದೆವು. ಒಳಗೆ ಟಿವಿಯಲ್ಲಿ ಐಪಿಎಲ್. ಜಗಲಿಯ ಮೂಲೆಯಲ್ಲಿ ಮೂವರು ಹುಡುಗರು ಒಂದೇ ಫೋನಿಗೆ ತಲೆ ಕೊಟ್ಟು ಫುಟ್‌ಬಾಲ್ ನೋಡುತ್ತಿದ್ದರು. ಒಬ್ಬ ಆ ಮನೆಯವನು, ಒಬ್ಬ ಚನ್ನರಾಯಪಟ್ಟಣದಿಂದ ಹಬ್ಬಕ್ಕೆ ಬಂದವನು, ಇನ್ನೊಬ್ಬ ಅರಕಲಗೂಡಿನವನು. ಗೋವಾದ ಫತೋರ್ಡಾ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಸೆಮಿಫೈನಲ್, ಎರಡನೇ ಪಂದ್ಯ. ನಾಲ್ಕು ದಿನ ಮೊದಲು ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಗೋವಾ ಎದುರು 2–0 ಗೆದ್ದು ಬಂದಿತ್ತು. ಈ ರಾತ್ರಿ ಗೋವಾದ ಬೋರ್ಹಾ ಹೆರೇರಾ ಒಂದು ಗೋಲು ಹೊಡೆದರು. ಪಂದ್ಯ ಮುಗಿಯಲು ಇನ್ನೆರಡು ನಿಮಿಷ ಇದೆ ಅನ್ನುವಾಗ ಅರ್ಮಾಂಡೊ ಸಾದಿಕು ಇನ್ನೊಂದು ಹೊಡೆದು ಒಟ್ಟು ಲೆಕ್ಕ ಸಮ ಮಾಡಿದರು. ಇನ್ನು ಹೆಚ್ಚುವರಿ ಆಟವೇ ಗತಿ ಎಂದುಕೊಳ್ಳುವಷ್ಟರಲ್ಲಿ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್ ಎತ್ತಿದರು, ನಲವತ್ತು ವರ್ಷದ ಸುನಿಲ್ ಛೆಟ್ರಿ ತಲೆ ಕೊಟ್ಟರು. ಗೋಲು. ಬೆಂಗಳೂರು ಫೈನಲ್‌ಗೆ.

ಜಗಲಿ ಎದ್ದು ಕುಣಿಯಿತು. ಐಪಿಎಲ್ ನೋಡುತ್ತಿದ್ದವರೂ ಏನಾಯಿತೆಂದು ಹೊರಗೆ ಬಂದರು. ಆಮೇಲೆ ಮಾತು ಶುರುವಾಯಿತು.

“ಗೆಲ್ಸಿದ್ದು ಛೆಟ್ರಿ ಕಣ್ಲಾ. ಇನ್ನೇನ್ ಮಾತು?”

“ಹಂಗಾದ್ರೆ ಕ್ರಾಸ್ ಹಾಕ್ದೋನು ಯಾರು?” ಎಂದ ಅರಕಲಗೂಡಿನ ಹುಡುಗ.

“ಕ್ರಾಸ್ ಯಾರ್ ಬೇಕಾದ್ರೂ ಹಾಕ್ತಾರೆ. ಗೋಲ್ ಹೊಡ್ಯೋದು ಮುಖ್ಯ. ಸುಮ್ನಿರು.”

ಅವನು ಸುಮ್ಮನಾದ. ಪಕ್ಕದಲ್ಲಿದ್ದ ಹಿರಿಯರೂ “ಹೌದಪ್ಪ, ಗೋಲ್ ಹೊಡ್ದೋನೇ ತಾನೆ ಗೆಲ್ಸೋದು?” ಎಂದು ತೀರ್ಪು ಕೊಟ್ಟರು. ನನಗೆ ಅವತ್ತಿನಿಂದ ಈ ಮಾತು ಒಳಗೇ ಕೊರೆಯುತ್ತಿದೆ. ಹಾಸನದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಚನ್ನರಾಯಪಟ್ಟಣದ ಸೆಲೂನಿನಲ್ಲಿ, ಕಾಲೇಜು ಮೈದಾನದ ಕಟ್ಟೆಯ ಮೇಲೆ, ಪಂದ್ಯ ಮುಗಿದ ಮೇಲೆ ಎಲ್ಲ ಕಡೆ ಕೇಳುವುದು ಇದೇ ಮಾತು. ಗೋಲು ಹೊಡೆದವನು ಗೆಲ್ಲಿಸಿದ, ತಪ್ಪು ಮಾಡಿದವನು ಸೋಲಿಸಿದ. ಉಳಿದವರು ಲೆಕ್ಕಕ್ಕಿಲ್ಲ. ಈ ಮಾತು ತಪ್ಪು. ಆಟದ ದೃಷ್ಟಿಯಿಂದಲೂ ತಪ್ಪು, ನ್ಯಾಯದ ದೃಷ್ಟಿಯಿಂದಲೂ ತಪ್ಪು. ಮೈದಾನಕ್ಕೆ ಇಳಿಯುವ ನಮ್ಮ ಮಕ್ಕಳಿಗಂತೂ ಇದರಿಂದ ನೇರವಾಗಿ ಕೇಡಾಗುತ್ತಿದೆ. ಅಭಿಮಾನಿಗಳು ವಾದ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಯಾರು ಚೆನ್ನಾಗಿ ಆಡಿದರು ಎಂಬ ಜಗಳ ಆಟದಷ್ಟೇ ಹಳೆಯದು, ಆಟದಷ್ಟೇ ಸೊಗಸಾದದ್ದು. ಆದರೆ ಆ ಜಗಳ ಶುರುವಾಗುವ ಮೊದಲೇ ಗೋಲಿನ ಪಟ್ಟಿ ತೆಗೆದು ತೀರ್ಪು ಬರೆದುಬಿಟ್ಟರೆ ವಾದಕ್ಕೆ ಜಾಗ ಎಲ್ಲಿ ಉಳಿಯಿತು?

ಆ ಸೆಮಿಫೈನಲ್ಲನ್ನೇ ಮೊದಲು ತೆಗೆದುಕೊಳ್ಳೋಣ. ಫತೋರ್ಡಾದಲ್ಲಿ ಬೆಂಗಳೂರು ಸೋತಿತ್ತು. ಛೆಟ್ರಿ ಗೋಲು ಹೊಡೆದ ಮೇಲೂ ಅವತ್ತಿನ ಫಲಿತಾಂಶ 2–1, ಗೋವಾದ ಪರ. ಫೈನಲ್ ಟಿಕೆಟ್ ಸಿಕ್ಕಿದ್ದು ಎರಡೂ ಪಂದ್ಯದ ಒಟ್ಟು 3–2 ಲೆಕ್ಕದಿಂದ. ಅಂದರೆ ಕಂಠೀರವದಲ್ಲಿ ಬಂದ ಎರಡು ಗೋಲು, ಅದಕ್ಕಿಂತ ಹೆಚ್ಚಾಗಿ ಕಂಠೀರವದಲ್ಲಿ ಗೋವಾಕ್ಕೆ ಒಂದೂ ಗೋಲು ಬಿಟ್ಟುಕೊಡದ ತೊಂಬತ್ತು ನಿಮಿಷ, ಅವು ಇಲ್ಲದಿದ್ದರೆ ಛೆಟ್ರಿಯ ಹೆಡರ್ ಸೋತ ತಂಡದ ಸಮಾಧಾನದ ಗೋಲಾಗಿ ಉಳಿಯುತ್ತಿತ್ತು. ಬುಧವಾರ ಬೆಂಗಳೂರಿನ ಹಿಂದಿನ ಸಾಲಿನವರು ತಡೆದದ್ದೂ ಭಾನುವಾರದ ಆ ಹೆಡರ್‌ನ ಬೆಲೆಯೊಳಗೆ ಸೇರಿದೆ. ಜಗಲಿಯಲ್ಲಿ ಯಾರೂ ಬುಧವಾರವನ್ನು ನೆನೆಯಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 2019ರ ಮಾರ್ಚ್ 17, ಮುಂಬೈ. ಬೆಂಗಳೂರು ಎಫ್‌ಸಿ ಮೊದಲ ಸಲ ಐಎಸ್‌ಎಲ್ ಗೆದ್ದ ರಾತ್ರಿ. ಎದುರಾಳಿ ಅವತ್ತೂ ಗೋವಾ. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಎತ್ತಿದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು, 1–0. ಭೇಕೆ ಡಿಫೆಂಡರ್. “ನೋಡಿ, ಡಿಫೆಂಡರ್‌ನನ್ನೂ ನಾವು ಹೀರೋ ಮಾಡಿದ್ದೇವಲ್ಲ” ಎಂದು ಕೆಲವರು ಈ ಉದಾಹರಣೆಯನ್ನೇ ನನಗೆ ತಿರುಗಿಸಿ ಹೇಳುವುದುಂಟು. ಹೌದು, ಮಾಡಿದ್ದೇವೆ. ಯಾವುದಕ್ಕೆ ಮಾಡಿದ್ದೇವೆ ಎಂಬುದು ನನ್ನ ಪ್ರಶ್ನೆ. ಆ ವರ್ಷ ಗೋವಾದ ಫೆರಾನ್ ಕೊರೊಮಿನಾಸ್, ಎಲ್ಲರೂ ಕೊರೊ ಎಂದು ಕರೆಯುತ್ತಿದ್ದವರು, 16 ಗೋಲು ಹೊಡೆದು ಲೀಗಿನಲ್ಲೇ ಅತಿ ಹೆಚ್ಚು ಗೋಲು ಗಳಿಸಿದ್ದರು. ಅಂಥವರು ಎದುರಿಗಿದ್ದಾಗ ಬೆಂಗಳೂರಿನ ಹಿಂದಿನ ಸಾಲು ಫೈನಲ್‌ನ 120 ನಿಮಿಷವೂ ಗೋವಾಕ್ಕೆ ಒಂದು ಗೋಲು ಕೊಡಲಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಆ ಸಲ ಗೋಲ್ಡನ್ ಗ್ಲೌವ್ ಪ್ರಶಸ್ತಿ ಪಡೆದರು. ಭೇಕೆ ತಮ್ಮ ನಿಜವಾದ ಕೆಲಸವನ್ನು 116 ನಿಮಿಷ ಮಾಡಿದ್ದರು. ನಾವು ಅವರನ್ನು ಹೊಗಳಿದ್ದು ಒಂದು ನಿಮಿಷಕ್ಕೆ, ಅದೂ ಅವರು ತಮ್ಮ ಜಾಗ ಬಿಟ್ಟು ಫಾರ್ವರ್ಡ್ ಮಾಡಬೇಕಾದ ಕೆಲಸ ಮಾಡಿದ್ದಕ್ಕೆ. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಾಗಲೂ ಗೆಲುವಿನ ಗೋಲು ಡಿಫೆಂಡರ್ ಅಲನ್ ಕೋಸ್ಟಾ ಅವರದು. ಅವರೂ ನಮಗೆ ಕಂಡದ್ದು ಆ ಹೆಡರ್‌ನಿಂದಲೇ.

ಇದು ನಮ್ಮ ಊರಿನವರ ಕಣ್ಣಿನ ದೋಷ ಮಾತ್ರ ಎಂದುಕೊಳ್ಳಬೇಡಿ. ಜಗತ್ತೇ ಹೀಗೆ ನೋಡುತ್ತಿದೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ 1956ರಲ್ಲಿ ಶುರುವಾಯಿತು. ಇಷ್ಟು ವರ್ಷದಲ್ಲಿ ಅದು ಗೋಲ್‌ಕೀಪರ್ ಒಬ್ಬರಿಗೆ ಬಂದದ್ದು ಒಂದೇ ಸಲ, 1963ರಲ್ಲಿ, ಸೋವಿಯತ್ ಒಕ್ಕೂಟದ ಲೆವ್ ಯಾಶಿನ್‌ಗೆ. ಹಿಂದಿನ ಸಾಲಿನಲ್ಲಿ ಆಡಿದವರಲ್ಲಿ ಜರ್ಮನಿಯ ಬೆಕೆನ್‌ಬೌರ್‌ಗೆ 1972 ಮತ್ತು 1976ರಲ್ಲಿ, ಅದೇ ದೇಶದ ಸಾಮರ್‌ಗೆ 1996ರಲ್ಲಿ, ಇಟಲಿಯ ಕನ್ನವಾರೊಗೆ 2006ರಲ್ಲಿ ಬಂತು. ಅಲ್ಲಿಂದೀಚೆಗೆ ಒಬ್ಬ ಡಿಫೆಂಡರ್‌ಗೂ ಬಂದಿಲ್ಲ. ಹನ್ನೊಂದು ಜನರ ಆಟದಲ್ಲಿ ಅರ್ಧದಷ್ಟು ಜನರ ಕೆಲಸವೇ ತಡೆಯುವುದು. ಆ ಅರ್ಧಕ್ಕೆ ದೊಡ್ಡ ಪ್ರಶಸ್ತಿಯಲ್ಲಿ ಸಿಕ್ಕಿದ ಪಾಲು ಇಷ್ಟೇ. ದೊಡ್ಡವರೂ ಇದೇ ತಪ್ಪು ಮಾಡಿದ್ದಾರೆ ಎಂದರೆ ತಪ್ಪು ಹರಡಿದೆ ಎಂದಾಯಿತೇ ಹೊರತು ಸರಿ ಎಂದಾಗಲಿಲ್ಲ.

ನಮ್ಮ ನಾಡಿನ ಹಳೆಯ ನೆನಪಿಗೂ ಇದೇ ಗತಿ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2–1ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು. ಅದನ್ನು ನೆನೆಯುವುದು ನ್ಯಾಯವೇ. ಆ ತಂಡದಲ್ಲಿದ್ದ ಗೋಲ್‌ಕೀಪರ್ ಕೆ.ವಿ. ವರದರಾಜ್ ಅವರ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತು? ಫ್ರಾನ್ಸ್‌ನಂಥ ತಂಡವನ್ನು ಎರಡು ಗೋಲಿಗೆ ನಿಲ್ಲಿಸಿದ್ದು ಹೇಗೆ ಎಂದು ಯಾರು ಕೇಳಿದ್ದಾರೆ?

ನಮಗೆ ಹೀಗೇಕೆ ಕಾಣುತ್ತದೆ? ಒಂದು ಕಾರಣ ಟಿವಿ ಮತ್ತು ಫೋನು. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಾವು ಕ್ಯಾಮೆರಾದ ಹಿಂದೆ ಓಡುತ್ತೇವೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ತೊಂಬತ್ತು ನಿಮಿಷದ ಪಂದ್ಯದಲ್ಲಿ ಫೌಲು, ಥ್ರೋ, ಗಾಯ ಎಲ್ಲ ಕಳೆದರೆ ಚೆಂಡು ನಿಜಕ್ಕೂ ಉರುಳುವುದು ಒಂದು ಗಂಟೆಗಿಂತ ಕಡಿಮೆ. ಅದನ್ನು 22 ಜನರಿಗೆ ಹಂಚಿದರೆ ತಲೆಗೆ ಮೂರು ನಿಮಿಷವೂ ಬರುವುದಿಲ್ಲ. ಉಳಿದ ಎಂಬತ್ತೇಳು ನಿಮಿಷ ಆಟಗಾರ ಚೆಂಡಿಲ್ಲದೆ ಏನು ಮಾಡುತ್ತಾನೆ ಎಂಬುದರಲ್ಲೇ ಬಹುಪಾಲು ಫುಟ್‌ಬಾಲ್ ಇದೆ. ಫೋನಿನ ಅಂಗೈಯಗಲದ ಪರದೆಗೆ ಅದು ಹಿಡಿಸುವುದೇ ಇಲ್ಲ. ಮರುದಿನ ಬೆಳಿಗ್ಗೆ ನೋಡುವ ಎರಡು ನಿಮಿಷದ ತುಣುಕಿನಲ್ಲಂತೂ ಗೋಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಇದು ನನಗೆ ಮನದಟ್ಟಾದದ್ದು ಕಂಠೀರವದಲ್ಲಿ. ಅಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಗ್ಯಾಲರಿಗೂ ಮೈದಾನಕ್ಕೂ ನಡುವೆ ದೂರ ಜಾಸ್ತಿ, ಆಟಗಾರರ ಮುಖ ಕಾಣುವುದಿಲ್ಲ ಎಂದು ಎಲ್ಲರೂ ದೂರುತ್ತಾರೆ. ನನಗೆ ಆ ದೂರವೇ ಒಳ್ಳೆಯದು ಮಾಡಿತು. ಒಂದು ಪಂದ್ಯದಲ್ಲಿ ಹತ್ತು ನಿಮಿಷ ಚೆಂಡನ್ನು ಬಿಟ್ಟು ಬೆಂಗಳೂರಿನ ಒಬ್ಬ ಸೆಂಟರ್ ಬ್ಯಾಕ್‌ನನ್ನೇ ನೋಡುತ್ತಾ ಕೂತೆ. ಎದುರಾಳಿ ಫಾರ್ವರ್ಡ್ ಎಡಕ್ಕೆ ಎರಡು ಹೆಜ್ಜೆ ಇಟ್ಟರೆ ಇವನೂ ಜರುಗುತ್ತಿದ್ದ, ಆದರೆ ಒಂದೂವರೆ ಹೆಜ್ಜೆ ಮಾತ್ರ; ಬೆನ್ನ ಹಿಂದಿನ ಜಾಗ ಬಿಟ್ಟುಕೊಡುತ್ತಿರಲಿಲ್ಲ. ನಾಲ್ಕು ಸೆಕೆಂಡಿಗೊಮ್ಮೆ ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದ. ಕೈ ಚಾಚಿ ಪಕ್ಕದ ಬ್ಯಾಕ್‌ನನ್ನು ಮುಂದಕ್ಕೆ ಕರೆಯುತ್ತಿದ್ದ, ನಾಲ್ಕೂ ಜನ ಒಂದೇ ಹಗ್ಗ ಹಿಡಿದವರಂತೆ ಮೇಲಕ್ಕೆ ಬರುತ್ತಿದ್ದರು. ಒಮ್ಮೆ ಎದುರಾಳಿ ಮಿಡ್‌ಫೀಲ್ಡರ್ ತಲೆ ಎತ್ತಿ ಪಾಸ್ ಕೊಡಲು ನೋಡಿದ, ದಾರಿ ಮುಚ್ಚಿತ್ತು, ಚೆಂಡನ್ನು ಹಿಂದಕ್ಕೆ ತಳ್ಳಿದ. ಗ್ಯಾಲರಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಏನೂ ನಡೆದಿರಲಿಲ್ಲ. ಏನೂ ನಡೆಯದಂತೆ ನೋಡಿಕೊಂಡದ್ದೇ ಅವನ ಆಟ. ಹತ್ತು ನಿಮಿಷದಲ್ಲಿ ಅವನ ಕಾಲಿಗೆ ಚೆಂಡು ತಾಗಿದ್ದು ಎರಡು ಸಲ.

“ಹಾಗಾದರೆ ಅಂಕಿಅಂಶ ಇದೆಯಲ್ಲ ಸಾರ್?” ಎಂದು ಓದಿದ ಹುಡುಗರು ಈಗ ಕೇಳುತ್ತಾರೆ. ಫೋನಿನ ಆ್ಯಪ್‌ಗಳು ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತವೆ, 8.1 ಬಂದವನು 6.7 ಬಂದವನಿಗಿಂತ ಚೆನ್ನಾಗಿ ಆಡಿದ, ವಾದ ಮುಗಿಯಿತು ಎನ್ನುತ್ತಾರೆ. ಈ ಮಾತು ಗೋಲಿನ ಪಟ್ಟಿಗಿಂತ ಒಂದು ಹೆಜ್ಜೆ ಮುಂದಿದೆ, ಒಪ್ಪುತ್ತೇನೆ. ಆದರೆ ಆ ಅಂಕಗಳೂ ಬಹುಮಟ್ಟಿಗೆ ಚೆಂಡಿನ ಸುತ್ತ ನಡೆದ ಘಟನೆಗಳನ್ನೇ ಕೂಡಿ ಕಳೆದು ಬಂದವು. ಪಾಸ್ ಎಷ್ಟು, ಟ್ಯಾಕಲ್ ಎಷ್ಟು, ಹೊಡೆತ ಎಷ್ಟು. ನಾನು ನೋಡಿದ ಆ ಬ್ಯಾಕ್ ಕೊಡಲು ಬಿಡದ ಪಾಸ್ ಯಾವ ಕಾಲಮ್ಮಿನಲ್ಲಿ ಬರುತ್ತದೆ? ಸರಿಯಾದ ಜಾಗದಲ್ಲಿ ನಿಂತವನಿಗೆ ಜಾರಿ ಬಿದ್ದು ಟ್ಯಾಕಲ್ ಮಾಡುವ ಪ್ರಸಂಗವೇ ಬರುವುದಿಲ್ಲ. ಜಾಗ ತಪ್ಪಿ ನಿಂತು ಆಮೇಲೆ ಓಡಿಬಂದು ಟ್ಯಾಕಲ್ ಮಾಡಿದವನಿಗೆ ಅಂಕ, ಜಾಗ ತಪ್ಪದವನಿಗೆ ಸೊನ್ನೆ.

ಎಣಿಕೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ರೀಪ್ ಅವರ ಕಥೆ ಸಾಕು. ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ರೀಪ್ 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಪಂದ್ಯದಲ್ಲಿ ಕಾಗದ ಪೆನ್ಸಿಲ್ ಹಿಡಿದು ಪಾಸ್‌ಗಳನ್ನು ಬರೆದುಕೊಳ್ಳಲು ಶುರುಮಾಡಿದರು. ಬಹುಪಾಲು ಗೋಲುಗಳು ಮೂರೋ ಅದಕ್ಕಿಂತ ಕಡಿಮೆಯೋ ಪಾಸ್‌ಗಳ ನಂತರ ಬರುತ್ತವೆ ಎಂದು ಅವರ ಲೆಕ್ಕ ಹೇಳಿತು. ಹಾಗಾದರೆ ಹೆಚ್ಚು ಪಾಸ್ ಆಡುವುದು ದಂಡ, ಚೆಂಡನ್ನು ದೂರಕ್ಕೆ ಒದ್ದುಬಿಡಿ ಎಂಬ ತೀರ್ಮಾನಕ್ಕೆ ಬಂದರು. ಆಟದಲ್ಲಿ ನಡೆಯುವ ಬಹುಪಾಲು ಪ್ರಯತ್ನಗಳೇ ಮೂರು ಪಾಸಿನೊಳಗೆ ಮುಗಿಯುತ್ತವೆ ಎಂಬುದನ್ನು ಆ ತೀರ್ಮಾನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಂಖ್ಯೆ ಸರಿಯಿತ್ತು, ಅದರಿಂದ ತೆಗೆದ ಅರ್ಥ ಸರಿಯಿರಲಿಲ್ಲ. ಆ ಅರ್ಥ ಇಂಗ್ಲೆಂಡಿನ ಫುಟ್‌ಬಾಲನ್ನು ದಶಕಗಟ್ಟಲೆ ಹಿಡಿದುಕೊಂಡಿತು. ಸಂಖ್ಯೆ ನೋಡಿ, ಬೇಡ ಎನ್ನುವುದಿಲ್ಲ. ಕಣ್ಣು ಮುಚ್ಚಿಕೊಂಡು ಮಾತ್ರ ನೋಡಬೇಡಿ.

ಒಬ್ಬನೇ ಗೆಲ್ಲಿಸಿದ ಎಂಬ ಮಾತಿನ ಬೆನ್ನಿಗೇ ಒಬ್ಬನೇ ಸೋಲಿಸಿದ ಎಂಬ ಮಾತು ಅಂಟಿಕೊಂಡಿದೆ. ಅದು ಇನ್ನೂ ಕ್ರೂರ. ಜಗಲಿ ಕುಣಿದ ಆರು ದಿನಕ್ಕೆ, ಏಪ್ರಿಲ್ 12ರಂದು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಫೈನಲ್. ಎದುರಾಳಿಯ ಸ್ವಂತ ಗೋಲಿನಿಂದ ಬೆಂಗಳೂರು ಮುಂದಾಯಿತು. ಆಮೇಲೆ ಡಿಫೆಂಡರ್ ಚಿಂಗ್ಲೆನ್‌ಸನಾ ಸಿಂಗ್ ಅವರ ಕೈಗೆ ಚೆಂಡು ತಾಗಿ ಪೆನಾಲ್ಟಿ; ಜೇಸನ್ ಕಮಿಂಗ್ಸ್ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಹೊಡೆದರು, 2–1. ಮರುದಿನ ಎಲ್ಲರ ಬಾಯಲ್ಲೂ ಆ ಕೈ. ತಮ್ಮ ತಂಡ 120 ನಿಮಿಷದಲ್ಲಿ ತಾನಾಗಿ ಒಂದೂ ಗೋಲು ಹೊಡೆಯಲಿಲ್ಲ ಎಂಬುದನ್ನು ಎತ್ತಿದವರು ಕಡಿಮೆ. 2023ರ ಮಾರ್ಚ್ 18ರಂದು ಫತೋರ್ಡಾದ ಫೈನಲ್‌ನಲ್ಲೂ ಹೀಗೆಯೇ ಆಗಿತ್ತು. 2–2 ಆಗಿ ಪೆನಾಲ್ಟಿ ಶೂಟೌಟ್‌ನಲ್ಲಿ 4–3ರಿಂದ ಬೆಂಗಳೂರು ಸೋತಾಗ ಪೆನಾಲ್ಟಿ ತಪ್ಪಿಸಿದ ಬ್ರೂನೊ ರಮಿರೆಸ್, ಪಾಬ್ಲೊ ಪೆರೆಜ್ ಇಬ್ಬರ ಹೆಸರೇ ಸೋಲಿನ ಹೆಸರಾಯಿತು. ಗೆದ್ದಾಗ ಮುಂದಿನ ಸಾಲು, ಸೋತಾಗ ಹಿಂದಿನ ಸಾಲು ಅಥವಾ ಪೆನಾಲ್ಟಿ ತಪ್ಪಿಸಿದವನು. ಕಷ್ಟದ ಕೆಲಸಕ್ಕೆ ಮುಂದೆ ಬಂದವನೇ ತಪ್ಪಿತಸ್ಥನಾಗುವ ಈ ಪಂಚಾಯಿತಿಯಲ್ಲಿ ನ್ಯಾಯ ಎಲ್ಲಿದೆ? ಬ್ರೆಜಿಲ್‌ನ ಗೋಲ್‌ಕೀಪರ್ ಬಾರ್ಬೋಸಾ 1950ರ ವಿಶ್ವಕಪ್‌ನಲ್ಲಿ ಉರುಗ್ವೆ ಎದುರು ಬಿಟ್ಟ ಗೋಲಿನ ಹೊರೆಯನ್ನು 2000ದಲ್ಲಿ ಸಾಯುವವರೆಗೂ ಹೊತ್ತರು. ಅರ್ಧ ಶತಮಾನದ ಆ ಶಿಕ್ಷೆಯನ್ನು ಕೊಟ್ಟದ್ದು ಯಾವ ನ್ಯಾಯಾಲಯವೂ ಅಲ್ಲ, ಅಭಿಮಾನಿಗಳ ಮಾತು.

ಈ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ತಾಲ್ಲೂಕು ಮಟ್ಟದ ಪಂದ್ಯವೊಂದಕ್ಕೆ ನಮ್ಮ ತಂಡ ಹೋಗಿತ್ತು. ನನ್ನ ಪಕ್ಕದ ಬೆಂಚಿನ ಗೆಳೆಯ ಬ್ಯಾಕ್ ಆಡುತ್ತಿದ್ದ. ಬರಿಗಾಲು, ಜಲ್ಲಿಕಲ್ಲಿನ ಮೈದಾನ. ಇಡೀ ಪಂದ್ಯ ಅವನು ಎದುರಾಳಿಯನ್ನು ತಡೆದ; ಮಂಡಿ ಎರಡೂ ಕಿತ್ತುಹೋಗಿ ಮಣ್ಣು ರಕ್ತ ಬೆರೆತು ಕೆಸರಾಗಿತ್ತು. ಕೊನೆಯಲ್ಲಿ ಅವನು ಒದ್ದ ಚೆಂಡು ನಮ್ಮವನೊಬ್ಬನ ಬೆನ್ನಿಗೆ ಬಡಿದು ನಮ್ಮ ಗೋಲಿಗೇ ಹೋಯಿತು. ಸೋತೆವು. ವಾಪಸು ಬರುವಾಗ ಮೆಟಡೋರಿನಲ್ಲಿ ಒಬ್ಬರೂ ಅವನ ಜೊತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅವನು ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಾ ನಿಂತಿದ್ದ. ಸೋಮವಾರ ಶಾಲೆಯಲ್ಲಿ ಅವನಿಗೆ ಅಡ್ಡಹೆಸರು ಬಿತ್ತು. ಆಮೇಲೆ ಅವನು ಮೈದಾನಕ್ಕೆ ಬರಲೇ ಇಲ್ಲ. ಅವನಷ್ಟು ಚೆನ್ನಾಗಿ ತಡೆಯುವ ಹುಡುಗ ಆ ವರ್ಷ ನಮ್ಮ ಶಾಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಅವನನ್ನು ಆಟದಿಂದ ಓಡಿಸಿದ್ದು ನಮ್ಮ ಬಾಯಿ. ಆ ತಪ್ಪಿನಲ್ಲಿ ನನ್ನದೂ ಪಾಲಿದೆ, ಅದಕ್ಕೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ.

ಇವತ್ತಿಗೂ ನಮ್ಮ ಮೈದಾನಗಳಲ್ಲಿ ಏನು ನಡೆಯುತ್ತಿದೆ ನೋಡಿ. ತಂಡ ಹಂಚುವಾಗ ಎಲ್ಲ ಮಕ್ಕಳಿಗೂ ಮುಂದೆಯೇ ಆಡಬೇಕು. ಓಡಲಾರದವನನ್ನು, ಚಿಕ್ಕವನನ್ನು, ಚೆಂಡು ತರದೆ ಬಂದವನನ್ನು ಗೋಲಿಗೆ ನಿಲ್ಲಿಸುತ್ತಾರೆ. ಗೋಲ್‌ಕೀಪರ್‌ನ ಜಾಗ ಅವರಿಗೆ ಶಿಕ್ಷೆಯ ಜಾಗ. ಮಕ್ಕಳು ಇದನ್ನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ, ಜಗಲಿಯ ಮೇಲೆ ನಮ್ಮ ಬಾಯಿಂದ ಕೇಳಿ ಕಲಿತರು. ಗೋಲು ಹೊಡೆಯುವವನೇ ಮುಖ್ಯ ಎಂದು ನಾವು ಹೇಳಿದ್ದನ್ನು ಅವರು ನಂಬಿದರು, ಅಷ್ಟೇ.

ನನ್ನ ಈ ಮಾತಿಗೆ ಒಂದು ಗಟ್ಟಿಯಾದ ಪ್ರತಿವಾದ ಇದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ತಾರೆಗಳಿಲ್ಲದೆ ಆಟ ಬೆಳೆಯುವುದಿಲ್ಲ ಎನ್ನುತ್ತಾರೆ. ನಿಜ. 2018ರ ಜೂನ್‌ನಲ್ಲಿ ಛೆಟ್ರಿ, ಬಂದು ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ವಿಡಿಯೊದಲ್ಲಿ ಕೈಮುಗಿದು ಕೇಳಿದ ಮೇಲೆ ಮುಂಬೈಯಲ್ಲಿ ಕೆನ್ಯಾ ಎದುರಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಮಾರಿಹೋಯಿತು. ಹೊಳೆನರಸೀಪುರದ ಹುಡುಗರು ಐಪಿಎಲ್ ಬಿಟ್ಟು ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದರೆ ಅದರ ದೊಡ್ಡ ಪಾಲು ಪುಣ್ಯ ಛೆಟ್ರಿಗೇ ಸಲ್ಲಬೇಕು. ಅವರ ಮೇಲೆ ನನಗಿರುವ ಪ್ರೀತಿ ಯಾರಿಗಿಂತಲೂ ಕಡಿಮೆಯಲ್ಲ. 2016ರ ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ ನಾನೂ ಇದ್ದೆ. ಮಲೇಷ್ಯಾದ ಜೊಹೊರ್ ತಂಡ ಆಗ ಎಎಫ್‌ಸಿ ಕಪ್ ಚಾಂಪಿಯನ್. ಮೊದಲು ಅವರೇ ಗೋಲು ಹೊಡೆದರು. ಛೆಟ್ರಿ ಎರಡು, ಹುವಾನನ್ ಒಂದು ಹೊಡೆದು 3–1. ಭಾರತದ ಕ್ಲಬ್ಬೊಂದು ಮೊದಲ ಸಲ ಆ ಕಪ್‌ನ ಫೈನಲ್ ತಲುಪಿತು. ಮೆಜೆಸ್ಟಿಕ್‌ನಿಂದ ಹಾಸನದ ಬಸ್ಸು ಹಿಡಿದು ಹೊರಟರೆ ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ ಬಂದರೂ ಛೆಟ್ರಿಯ ಎರಡನೇ ಗೋಲಿನ ಮಾತು ಮುಗಿದಿರಲಿಲ್ಲ. ಮುಗಿಯುವ ಗೋಲೂ ಅದಾಗಿರಲಿಲ್ಲ. ಆದರೆ ನಡುವೆ ಜೊಹೊರ್‌ಗೆ ಇನ್ನೊಂದು ಗೋಲು ಬಿದ್ದಿದ್ದರೆ ಲೆಕ್ಕವೇ ತಲೆಕೆಳಗಾಗಬಹುದಿತ್ತು. ಅವರ ಆ ಮೊದಲ ಗೋಲಿನ ನಂತರ ಕೊನೆಯವರೆಗೆ ಅದನ್ನು ಬೀಳದಂತೆ ತಡೆದವರ ಮಾತು ಚನ್ನರಾಯಪಟ್ಟಣದಲ್ಲಿ ಇಳಿಯುವವರೆಗೂ ಒಬ್ಬರೂ ಎತ್ತಲಿಲ್ಲ. ತಾರೆ ಇರಲಿ. ಒಂದೇ ತಾರೆ ಇರುವ ಆಕಾಶದ ಕೆಳಗೆ ಕತ್ತಲೆಯೇ ಹೆಚ್ಚು.

“ಇದೆಲ್ಲ ಮೋಜಿನ ಮಾತು, ಇಷ್ಟು ಗಂಭೀರವಾಗಿ ತಗೋಬೇಡಿ” ಎನ್ನುವವರೂ ಇದ್ದಾರೆ. ಮೋಜು ಹೆಚ್ಚಾಗಲಿ ಎಂದೇ ನಾನೂ ಹೇಳುತ್ತಿರುವುದು. ಗೋಲು ಹೊಡೆದವನ ಹೆಸರು ಹೇಳಿದರೆ ಮಾತು ಒಂದೇ ವಾಕ್ಯಕ್ಕೆ ಮುಗಿಯುತ್ತದೆ. ಆಟ ಎಲ್ಲಿ ತಿರುಗಿತು ಎಂದು ಕೇಳಿದರೆ ರಾತ್ರಿಯೆಲ್ಲ ಮಾತಾಡಬಹುದು. 2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನಮ್ಮೂರುಗಳಲ್ಲೂ ಎಲ್ಲರೂ ನೋಡಿದರು. ಮೆಸ್ಸಿಯ ಎರಡು ಗೋಲು, ಎಂಬಾಪೆಯ ಮೂರು ಗೋಲು ಎಲ್ಲರಿಗೂ ನೆನಪಿದೆ. ಹೆಚ್ಚುವರಿ ಸಮಯದ ಕಟ್ಟಕಡೆಯ ಕ್ಷಣದಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿ ಒಬ್ಬನೇ ಎದುರಿಗೆ ಬಂದು ಹೊಡೆದಾಗ ಅರ್ಜೆಂಟೀನಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಎಡಗಾಲು ಚಾಚಿ ತಡೆಯದೆ ಹೋಗಿದ್ದರೆ ಮೆಸ್ಸಿಯ ಕೈಗೆ ಕಪ್ ಬರುತ್ತಲೇ ಇರಲಿಲ್ಲ. ಆ ಕಾಲು ಆ ಪಂದ್ಯದ ಅಷ್ಟೂ ಗೋಲಿನಷ್ಟೇ ದೊಡ್ಡ ಆಟ. ಅದರ ಬಗ್ಗೆ ಮಾತಾಡುವುದು ಮೋಜಲ್ಲವೇ?

ನಮ್ಮ ಜಿಲ್ಲೆಯವರಿಗೆ ಇದನ್ನು ನೋಡುವ ಕಣ್ಣು ಇಲ್ಲ ಎಂದು ನಾನು ಒಪ್ಪುವುದಿಲ್ಲ. ಹಬ್ಬದಲ್ಲಿ ಕಬಡ್ಡಿ ಆಡಿಸುವಾಗ ರೈಡರ್‌ಗೆ ಎಷ್ಟು ಕೂಗುತ್ತಾರೋ ಮೂಲೆಯಲ್ಲಿ ನಿಂತು ಕಾಲು ಹಿಡಿದವನಿಗೂ ಅಷ್ಟೇ ಕೂಗುತ್ತಾರೆ. ಇಬ್ಬರು ಕೈಕೈ ಹಿಡಿದು ಸರಪಳಿ ಹಾಕಿ ರೈಡರ್‌ನನ್ನು ಸುತ್ತಿಕೊಂಡರೆ ಅಜ್ಜಂದಿರೂ ಎದ್ದು ನಿಲ್ಲುತ್ತಾರೆ. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು. ಆ ಊರಿನ ಹೆಸರು ಹೊತ್ತ ಶ್ರೀನಾಥ್ 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಏನು ಮಾಡಿದರು ಎಂಬುದನ್ನು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಪಾಕಿಸ್ತಾನದ ಒಂಬತ್ತು ವಿಕೆಟ್ ಅನಿಲ್ ಕುಂಬ್ಳೆ ಕೈಯಲ್ಲಿದ್ದವು. ಹತ್ತನೆಯದೂ ಕುಂಬ್ಳೆಗೇ ಸಿಗಲಿ ಎಂದು ಶ್ರೀನಾಥ್ ತಮ್ಮ ಓವರ್‌ನಲ್ಲಿ ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕಿದರು. ಕುಂಬ್ಳೆಗೆ 74 ರನ್‌ಗೆ ಹತ್ತು ವಿಕೆಟ್ ಬಂದವು. ಸ್ಕೋರ್‌ಕಾರ್ಡ್ ನೋಡಿದರೆ ಶ್ರೀನಾಥ್ ಅವರ ಆ ಓವರ್ ಏನೂ ಹೇಳುವುದಿಲ್ಲ. ನೋಡಿದವರ ಮನಸ್ಸು ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ. ಕ್ರಿಕೆಟ್ಟಿನಲ್ಲಿ ಇರುವ ಈ ನ್ಯಾಯ ಫುಟ್‌ಬಾಲಿಗೆ ಬಂದಾಗ ಯಾಕೆ ಇಲ್ಲ?

ನಾವು ಆಲೂಗಡ್ಡೆ ಬೆಳೆಯುವ ಸೀಮೆಯವರು. ಮೇಲೆ ಗಿಡ ಹಸಿರಾಗಿ ಹಬ್ಬಿದೆ ಎಂದು ನಮ್ಮಲ್ಲಿ ಯಾರೂ ಇಳುವರಿಯ ಲೆಕ್ಕ ಹಾಕುವುದಿಲ್ಲ. ಬುಡ ಕೆದಕಿ ನೋಡುತ್ತೇವೆ. ಮಳೆಗಾಲದಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ತುಂಬಿ ಕ್ರಸ್ಟ್ ಗೇಟ್ ತೆರೆದರೆ ಅರಕಲಗೂಡು, ಹೊಳೆನರಸೀಪುರದಿಂದ ಜನ ಬೈಕು ಹತ್ತಿ ಬರುತ್ತಾರೆ, ಹಾಲಿನಂತೆ ಧುಮುಕುವ ನೊರೆಯ ಫೋಟೊ ತೆಗೆಯುತ್ತಾರೆ. ನಾಲ್ಕೂವರೆ ಕಿಲೋಮೀಟರಿಗೂ ಮಿಕ್ಕಿ ಉದ್ದವಿರುವ ಆ ಏರಿಯ ಫೋಟೊ ಯಾರೂ ತೆಗೆಯುವುದಿಲ್ಲ. ಆದರೆ ಏರಿಯಲ್ಲಿ ಒಂದು ಬಿರುಕು ಬಿಟ್ಟಿತೆಂದರೆ ಏನಾಗುತ್ತದೆ ಎಂದು ಕೆಳಗಿನ ಊರಿನ ರೈತನಿಗೆ ಚೆನ್ನಾಗಿ ಗೊತ್ತು. ಗೋಲು ಗೇಟಿನ ನೊರೆ. ಅದನ್ನು ನೋಡಿ ಕುಣಿಯೋಣ. ಗದ್ದೆಗೆ ಬರುವ ನೀರನ್ನು ವರ್ಷವಿಡೀ ಹಿಡಿದು ನಿಲ್ಲಿಸಿದ್ದು ಏರಿ ಎಂಬುದನ್ನು ಮರೆತು ಕುಣಿಯುವುದು ಬೇಡ.

ನಾನು ಕೇಳುವುದು ಹೆಚ್ಚೇನಿಲ್ಲ. ಮುಂದಿನ ಪಂದ್ಯದಲ್ಲಿ ಹತ್ತೇ ನಿಮಿಷ ಚೆಂಡನ್ನು ಬಿಟ್ಟು ಒಬ್ಬ ಬ್ಯಾಕ್‌ನನ್ನು ನೋಡಿ. ಪಂದ್ಯ ಮುಗಿದ ಮೇಲೆ ಯಾರು ಹೊಡೆದರು ಎನ್ನುವ ಮೊದಲು ಯಾರು ತಡೆದರು, ಯಾರು ದಾರಿ ಮಾಡಿಕೊಟ್ಟರು ಎಂದು ಕೇಳಿ. ಸೋತಾಗ ಒಬ್ಬನ ಹೆಸರು ಬಾಯಿಗೆ ಬಂದರೆ ಇನ್ನೂ ಹತ್ತು ಜನ ಎಲ್ಲಿದ್ದರು ಎಂದು ಕೇಳಿ. ಊರಿನ ಪಂದ್ಯಗಳಲ್ಲಿ ಬಹುಮಾನ ಕೊಡುವ ಹಿರಿಯರು ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಕಪ್‌ನಷ್ಟೇ ಎತ್ತರದ ಇನ್ನೊಂದು ಕಪ್ಪನ್ನು ಒಳ್ಳೆಯ ಬ್ಯಾಕ್‌ಗೆ, ಇನ್ನೊಂದನ್ನು ಗೋಲ್‌ಕೀಪರ್‌ಗೆ ಕೊಡಲಿ. ಅದನ್ನು ಮಕ್ಕಳು ನೋಡಲಿ.

ಆ ರಾಮನವಮಿಯ ರಾತ್ರಿ ಮಾತೆಲ್ಲ ಮುಗಿದು ಹುಡುಗರು ಎದ್ದಾಗ ನಾನು ಅರಕಲಗೂಡಿನವನನ್ನು ಪಕ್ಕಕ್ಕೆ ಕರೆದು, “ನೀನು ಆಡ್ತೀಯೇನಪ್ಪ?” ಎಂದು ಕೇಳಿದೆ. “ಕಾಲೇಜ್ ಟೀಮಲ್ಲಿ ರೈಟ್ ಬ್ಯಾಕ್ ಅಣ್ಣ” ಎಂದ. “ನೀನೂ ಕ್ರಾಸ್ ಹಾಕ್ತೀಯಾ?” ಎಂದೆ. ನಕ್ಕ. “ಹಾಕ್ತೀನಿ. ಯಾರ್ ಕೇಳ್ತಾರೆ?” ಎಂದ. ನನ್ನ ಗೆಳೆಯ ಮೆಟಡೋರಿನ ಕಿಟಕಿಯ ಕಂಬಿ ಹಿಡಿದು ನಿಂತಿದ್ದಾಗ ನಾನು ಬಾಯಿ ಬಿಡಲಿಲ್ಲ. ಈ ಸಲ ಉತ್ತರ ಕೊಟ್ಟೆ: “ನಾನ್ ಕೇಳ್ತೀನಿ, ಹೇಳು.” ಅವನು ಅಲ್ಲೇ ಜಗಲಿಯ ಮೆಟ್ಟಿಲ ಮೇಲೆ ಕೂತು ಓಡುವ ಫಾರ್ವರ್ಡ್‌ನ ತಲೆಗೆ ಸರಿಯಾಗಿ ಚೆಂಡು ಸಿಗಬೇಕಾದರೆ ಎಲ್ಲಿ ಕಾಲಿಡಬೇಕು, ಎಷ್ಟು ಎತ್ತಬೇಕು ಎಂದು ಎರಡು ಲೋಟ ಇಟ್ಟು ತೋರಿಸಲು ಶುರುಮಾಡಿದ. ಅರ್ಧ ಗಂಟೆಯಾದರೂ ಅವನ ಮಾತು ಮುಗಿದಿರಲಿಲ್ಲ.